ಗಾಳಿಯ ಒತ್ತಡದ ಆಲೂಗಡ್ಡೆ ಗನ್ ಕಿಟ್: ವಾಲ್ವ್ ಬದಲಿಸಿದರೆ ಏನಾಗುತ್ತದೆ?

ಹವ್ಯಾಸಕ್ಕಾಗಿ ಆಲೂಗಡ್ಡೆ ಗನ್ (ಆಲೂಗಡ್ಡೆಯ ತುಂಡನ್ನು ನಳಿಕೆಯಿಂದ ಹಾರಿಸುವ ಸಾಧನ) ಕಟ್ಟುವವರಲ್ಲಿ ಹೆಚ್ಚಿನವರು ಮೊದಲು ಯೋಚಿಸುವುದು ಒತ್ತಡವನ್ನು ಹೇಗೆ ಏರಿಸಬೇಕೆಂಬುದನ್ನು. ನನ್ನ ಅನುಭವದಲ್ಲಿ ಅದು ಕೊನೆಗೆ ಯೋಚಿಸಬೇಕಾದ ವಿಷಯ. ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿ ಎಷ್ಟು ಬೇಗ ಆಲೂಗಡ್ಡೆಯ ಬೆನ್ನಿಗೆ ತಲುಪುತ್ತದೆ ಎಂಬುದರ ಮೇಲೆಯೇ, ಅಂದರೆ ವಾಲ್ವಿನ ಮೇಲೆಯೇ, ಫಲಿತಾಂಶದ ಬಹುಭಾಗ ನಿಂತಿರುತ್ತದೆ. ಈ ಮಾತನ್ನು ಬಳಕೆದಾರರೇ ಪರೀಕ್ಷಿಸಿ ನೋಡುವಂತೆ ರೂಪಿಸಿರುವುದರಿಂದ ಈ ಕಿಟ್ ನನಗೆ ಬಹಳ ಮೆಚ್ಚುಗೆಯಾಯಿತು. ಇದರಲ್ಲಿ ಒಂದು ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್, ಪ್ರೆಶರ್ ಗೇಜ್, ಸೇಫ್ಟಿ ವಾಲ್ವ್, ಸೈಕಲ್ ಪಂಪಿನಿಂದ ಗಾಳಿ ತುಂಬುವ ಮೂತಿ, 40 ಮಿ.ಮೀ. ಒಳವ್ಯಾಸದ 60, 90 ಮತ್ತು 120 ಸೆಂ.ಮೀ. ಉದ್ದದ ಮೂರು ನಳಿಕೆಗಳು ಮತ್ತು ಪರಸ್ಪರ ಬದಲಿಸಬಹುದಾದ ಮೂರು ಬಗೆಯ ವಾಲ್ವುಗಳಿವೆ.

ಮೊದಲನೆಯದು ಸಾಮಾನ್ಯ ಬಾಲ್ ವಾಲ್ವ್. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಪೂರ್ತಿ ತೆರೆಯುವ ಈ ವಾಲ್ವಿನ ದಾರಿ ನೇರವಾಗಿದ್ದು, ಗಾಳಿಗೆ ಅಡ್ಡಿ ಕಡಿಮೆ. ಆದರೆ ಕೈ ಎಷ್ಟೇ ಚುರುಕಾಗಿ ತಿರುಗಿಸಿದರೂ ವಾಲ್ವ್ ಅರ್ಧ ತೆರೆಯುವ ಹೊತ್ತಿಗೇ ಆಲೂಗಡ್ಡೆ ಚಲಿಸಲು ತೊಡಗಿರುತ್ತದೆ, ಪೂರ್ತಿ ತೆರೆದಾಗ ಅದು ನಳಿಕೆಯ ಬಾಯಿಯ ಬಳಿ ಇರುತ್ತದೆ. ಜೊತೆಗೆ ಕೈಯ ವೇಗ ಪ್ರತಿಸಲವೂ ಒಂದೇ ಆಗಿರುವುದಿಲ್ಲವಾದ್ದರಿಂದ ಒಂದು ಹಾರಾಟವನ್ನು ಮತ್ತೊಂದರೊಡನೆ ಹೋಲಿಸಲು ಬರುವುದಿಲ್ಲ. ಹೋಲಿಕೆಯೇ ಸಾಧ್ಯವಾಗದ ಕಡೆ ಪ್ರಯೋಗಕ್ಕೆ ಅರ್ಥವಿಲ್ಲ. ಕಲಿಕೆಯ ಮೊದಲ ಮೆಟ್ಟಿಲೆಂದು ಮಾತ್ರ ಇದನ್ನು ಬಳಸಬೇಕು.

ಎರಡನೆಯದು ತೋಟಕ್ಕೆ ನೀರು ಹಾಯಿಸಲು ಬಳಸುವ ಸ್ಪ್ರಿಂಕ್ಲರ್ ವಾಲ್ವ್. ಇದರೊಳಗೆ ರಬ್ಬರಿನ ಡಯಾಫ್ರಮ್, ಅಂದರೆ ಬಾಗಬಲ್ಲ ತೆಳು ಪರದೆ, ಇರುತ್ತದೆ. ಡಯಾಫ್ರಮಿನ ಹಿಂದಿನ ಕೋಣೆಯಲ್ಲಿರುವ ಗಾಳಿಯೇ ಅದನ್ನು ಒತ್ತಿ ಮುಚ್ಚಿರುತ್ತದೆ, ಆ ಗಾಳಿಯನ್ನು ಹೊರಬಿಟ್ಟಾಗ ಮುಂದಿನ ಒತ್ತಡ ಡಯಾಫ್ರಮನ್ನು ಮೇಲೆತ್ತುತ್ತದೆ. ಮೂಲ ರೂಪದಲ್ಲಿ ಈ ಕೆಲಸವನ್ನು 24 ವೋಲ್ಟಿನ ಸೊಲೆನಾಯ್ಡ್ (ವಿದ್ಯುತ್ತಿನಿಂದ ಸಣ್ಣ ರಂಧ್ರವನ್ನು ತೆರೆಯುವ ಕಾಂತ) ಮಾಡುತ್ತದೆ. ಬೆರಳಿನ ವೇಗಕ್ಕೂ ಫಲಿತಾಂಶಕ್ಕೂ ಸಂಬಂಧವೇ ಇಲ್ಲದಿರುವುದು ಇದರ ದೊಡ್ಡ ಗುಣ. ಸೊಲೆನಾಯ್ಡಿನ ರಂಧ್ರ ತೀರ ಸಣ್ಣದಾಗಿದ್ದು ಹಿಂದಿನ ಕೋಣೆ ನಿಧಾನವಾಗಿ ಖಾಲಿಯಾಗುವುದು ಇದರ ಮಿತಿ.

ಮೂರನೆಯ ವಾಲ್ವ್ ಅದೇ ಸ್ಪ್ರಿಂಕ್ಲರ್ ವಾಲ್ವಿನ ಮಾರ್ಪಾಡು. ಸೊಲೆನಾಯ್ಡನ್ನು ತೆಗೆದು, ಕಂಪ್ರೆಸರಿನೊಡನೆ ದೂಳು ಊದಲು ಬಳಸುವ ಬ್ಲೋ ಗನ್ನಿನ ಟ್ರಿಗರನ್ನು ಆ ಕೋಣೆಗೆ ಜೋಡಿಸಿದ್ದಾರೆ. ಹವ್ಯಾಸಿಗಳು ಬಹುಕಾಲದಿಂದ ಮಾಡಿಕೊಂಡು ಬಂದಿರುವ ಈ ಬದಲಾವಣೆಯಿಂದ ಹೊರದಾರಿ ಅಗಲವಾಗಿ ಡಯಾಫ್ರಮ್ ಥಟ್ಟನೆ ತೆರೆದುಕೊಳ್ಳುತ್ತದೆ. ಟ್ಯಾಂಕ್, ನಳಿಕೆ, ಒತ್ತಡ, ತುಂಡಿನ ತೂಕ ಯಾವುದನ್ನೂ ಬದಲಿಸದೆ ಈ ಎರಡು ವಾಲ್ವುಗಳನ್ನು ಮಾತ್ರ ಅದಲುಬದಲು ಮಾಡಿ ನೋಡಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ: ಸೊಲೆನಾಯ್ಡ್ ಇರುವುದರಲ್ಲಿ ಎಳೆದಂತೆ ಬರುವ ಸದ್ದು ಟ್ರಿಗರ್ ಇರುವುದರಲ್ಲಿ ಒಂದೇ ಏಟಿನಂತೆ ಕೇಳುತ್ತದೆ, ಮತ್ತು ವೇಗ ಅಳೆಯುವ ಕ್ರೊನೊಗ್ರಾಫ್ ಕೂಡ ಅದನ್ನೇ ದೃಢಪಡಿಸುತ್ತದೆ.

ನಳಿಕೆಯ ಉದ್ದದ ಕುರಿತ ಪಾಠ ಇನ್ನೂ ಸ್ವಾರಸ್ಯಕರ. ಉದ್ದ ಹೆಚ್ಚಿದಷ್ಟೂ ವೇಗ ಹೆಚ್ಚೆಂಬುದು ಸಾಮಾನ್ಯ ನಂಬಿಕೆ. ಆದರೆ ಆಲೂಗಡ್ಡೆ ಮುಂದೆ ಸಾಗಿದಂತೆ ಅದರ ಹಿಂದಿನ ಗಾಳಿ ಹಿಗ್ಗುತ್ತಾ ಒತ್ತಡ ಕುಸಿಯುತ್ತದೆ, ಹಿಗ್ಗುವ ಗಾಳಿ ತಣ್ಣಗಾಗುವುದರಿಂದ ಈ ಕುಸಿತ ಬಾಯಿಲೆಕ್ಕಕ್ಕಿಂತಲೂ ತೀವ್ರವಾಗಿರುತ್ತದೆ. 120 ಸೆಂ.ಮೀ. ನಳಿಕೆಯ ಒಳಗಾತ್ರ ಸುಮಾರು ಒಂದೂವರೆ ಲೀಟರ್. ಗೇಜ್ 2 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು) ತೋರಿಸುವಾಗ ಇದನ್ನು ಬಳಸಿದರೆ, ತುಂಡು ತುದಿ ತಲುಪುವ ಮೊದಲೇ ಹಿಂದಿನ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ ಕೆಳಗಿಳಿದು, ಮುಂದೆ ತಳ್ಳಬೇಕಾದ ಗಾಳಿಯೇ ಅದನ್ನು ಹಿಂದಕ್ಕೆ ಎಳೆಯತೊಡಗುತ್ತದೆ. ಹೀಗಾಗಿ ಕಡಿಮೆ ಒತ್ತಡದಲ್ಲಿ 90 ಸೆಂ.ಮೀ. ನಳಿಕೆಯೇ ಮುಂದು. 4 ಬಾರಿನಲ್ಲಿ ಉದ್ದದ ನಳಿಕೆಯಿಂದ ಲಾಭವಿದೆಯಾದರೂ ಅದು ಅಲ್ಪ. ಟ್ಯಾಂಕಿನ ಮತ್ತು ನಳಿಕೆಯ ಗಾತ್ರಗಳ ನಡುವಿನ ಈ ಅನುಪಾತವನ್ನು ಪುಸ್ತಕ ಓದಿ ಅರಿಯುವುದಕ್ಕೂ ಮೂರು ನಳಿಕೆಗಳನ್ನು ಕೈಯಲ್ಲಿ ಹಿಡಿದು ಅರಿಯುವುದಕ್ಕೂ ಬಹಳ ಅಂತರವಿದೆ.

ನಳಿಕೆಯ ಬಾಯಿಯನ್ನು ಸುತ್ತಲೂ ಹರಿತಗೊಳಿಸಿರುವುದರಿಂದ ಆಲೂಗಡ್ಡೆಯನ್ನು ಅದರ ಮೇಲಿಟ್ಟು ಒತ್ತಿದರೆ ಸರಿಯಾದ ಅಳತೆಯ ತುಂಡು ತಾನಾಗಿ ಕತ್ತರಿಸಿ ಒಳಗೆ ಕೂರುತ್ತದೆ, ಅದರ ರಸವೇ ಜಾರುಗುಣವನ್ನೂ ಒದಗಿಸುತ್ತದೆ. ಏಳು ಸೆಂ.ಮೀ. ಉದ್ದದ ತುಂಡು ಸುಮಾರು 95 ಗ್ರಾಂ ತೂಗುತ್ತದೆ. ಎರಡು ಪ್ರಯೋಗಗಳನ್ನು ಹೋಲಿಸಬೇಕೆಂದಿದ್ದರೆ ತುಂಡಿನ ಉದ್ದವನ್ನು ಒಂದೇ ಆಗಿಟ್ಟುಕೊಳ್ಳಲೇಬೇಕು. ಒಳಗೆ ಉಳಿದ ಪಿಷ್ಟ ಒಣಗಿದರೆ ಅಂಟಾಗುವುದರಿಂದ ಬಳಸಿದ ಕೂಡಲೇ ನಳಿಕೆಯನ್ನು ತೊಳೆಯುವುದು ಒಳ್ಳೆಯದು.

ಟ್ಯಾಂಕಿಗೆ ಪಿವಿಸಿ ಪೈಪನ್ನು ಬಳಸದಿರುವುದು ತಯಾರಕರು ತೆಗೆದುಕೊಂಡ ಅತ್ಯಂತ ಸರಿಯಾದ ನಿರ್ಧಾರ. ಪಿವಿಸಿ ಪೈಪಿನ ಮೇಲೆ ಮುದ್ರಿಸಿರುವ ಒತ್ತಡದ ಅಂಕಿ 23 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿಗೆ ಸಂಬಂಧಿಸಿದ್ದು, ಗಾಳಿಗಲ್ಲ. ಉಷ್ಣತೆ 43 ಡಿಗ್ರಿಗೆ ಏರಿದರೆ ಆ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ, 60 ಡಿಗ್ರಿಯಲ್ಲಿ ಕಾಲು ಭಾಗವೂ ಉಳಿಯುವುದಿಲ್ಲ. ಬಿಸಿಲಿನಲ್ಲಿ ವರ್ಷಗಟ್ಟಲೆ ಇದ್ದ ಪೈಪು ಪೆಡಸಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಕುಚಿತ ಗಾಳಿ ತುಂಬಿದ ಪಿವಿಸಿ ಒಡೆದಾಗ ಸೀಳಿ ನಿಲ್ಲುವುದಿಲ್ಲ, ಚೂಪಾದ ಚೂರುಗಳಾಗಿ ಸಿಡಿಯುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ನೆಲದ ಮೇಲಿನ ಗಾಳಿಮಾರ್ಗಗಳಲ್ಲಿ ಇದರ ಬಳಕೆಯ ವಿರುದ್ಧ 1988ರಲ್ಲೇ ಎಚ್ಚರಿಕೆ ನೀಡಿತ್ತು. ಮನೆಯಲ್ಲೇ ಕಟ್ಟುವವರು ಇಂದಿಗೂ ಸುಲಭವಾಗಿ ಸಿಗುತ್ತದೆಂಬ ಒಂದೇ ಕಾರಣಕ್ಕೆ ಅದನ್ನು ಆರಿಸಿಕೊಳ್ಳುವುದನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ.

ಗಾಳಿಯ ಒತ್ತಡದ ಬದಲು ಇಂಧನ ಉರಿಸಿ ಆಲೂಗಡ್ಡೆ ಹಾರಿಸುವ ಬಗೆಯನ್ನು ಕಿಟ್ ಪೂರ್ತಿಯಾಗಿ ಕೈಬಿಟ್ಟಿರುವುದನ್ನೂ ನಾನು ಒಪ್ಪುತ್ತೇನೆ. ಅನಿಲ ಮತ್ತು ಗಾಳಿಯ ಮಿಶ್ರಣ ಹದ ತಪ್ಪಿದರೆ ಅದು ಹೊತ್ತಿಕೊಳ್ಳದೆ ಒಳಗೇ ಉಳಿಯುತ್ತದೆ, ಹಾಗೆ ಉಳಿದುದನ್ನು ತೆರೆದು ನೋಡುವ ಕ್ಷಣ ಅತ್ಯಂತ ಅಪಾಯಕಾರಿ. ಗಾಳಿಯ ಬಗೆಯಲ್ಲಿ ಒಳಗಿನ ಸ್ಥಿತಿಯನ್ನು ಗೇಜ್ ಸದಾ ಹೇಳುತ್ತಿರುತ್ತದೆ. ಗಾಳಿಯಿಂದ ಆಲೂಗಡ್ಡೆ ಹಾರಿಸುವುದು ಹೊಸತೂ ಅಲ್ಲ: ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಹಡಗುಗಳ ಮೇಲಿದ್ದ ಹೋಲ್ಮನ್ ಪ್ರೊಜೆಕ್ಟರ್ ಎಂಬ ವಿಮಾನ ವಿರೋಧಿ ಸಾಧನ ಉಗಿ ಅಥವಾ ಸಂಕುಚಿತ ಗಾಳಿಯಿಂದ ಕೆಲಸ ಮಾಡುತ್ತಿತ್ತು, ನಾವಿಕರು ಬಿಡುವಿನಲ್ಲಿ ಅದರಿಂದ ಆಲೂಗಡ್ಡೆ ಹಾರಿಸುತ್ತಿದ್ದರು.

ಕೊರತೆಗಳಿರುವುದು ಕೈಪಿಡಿಯಲ್ಲಿ. ಒತ್ತಡ ಇಮ್ಮಡಿಯಾದರೆ ದೂರವೂ ಇಮ್ಮಡಿಯಾಗುತ್ತದೆ ಎಂಬರ್ಥ ಬರುವ ಒಂದು ಚಿತ್ರವನ್ನು ಅದರಲ್ಲಿ ಕೊಟ್ಟಿದ್ದಾರೆ. ಗಾಳಿಯ ಎದುರುತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅದರಲ್ಲೂ ಮೊಂಡು ತುದಿಯ ತುಂಡು ಉರುಳಾಡುತ್ತಾ ಸಾಗುವುದರಿಂದ, ಅದು ನಿಜವಲ್ಲ. ಇಂಥ ಚಿತ್ರ ಹೊಸಬರನ್ನು ಮಿತಿ ಮೀರಿ ಗಾಳಿ ತುಂಬಲು ಪ್ರೇರೇಪಿಸುತ್ತದೆ. ಸುರಕ್ಷತೆಯ ಪುಟವೂ ತೆಳುವಾಗಿದೆ. 4 ಬಾರಿನಲ್ಲಿ ಈ ಟ್ಯಾಂಕ್ ಸುಮಾರು 400 ಜೌಲ್ ಶಕ್ತಿಯನ್ನು ಕೂಡಿಟ್ಟಿರುತ್ತದೆ. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಶಕ್ತಿ ತುಂಡಿಗೆ ದಕ್ಕಿದರೂ ಅದು ಸೆಕೆಂಡಿಗೆ 50 ಮೀಟರ್ ವೇಗ ಪಡೆಯಬಲ್ಲದು, ಗಂಟೆಗೆ 140 ಕಿ.ಮೀ. ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನ ಹೊಡೆತಕ್ಕೆ ಅದು ಸಮ. ಕಣ್ಣಿಗೆ ರಕ್ಷಣೆ, ಬಯಲು ಜಾಗ, ಗುರಿಯ ಹಿಂದೆ ಜನರಾಗಲಿ ಪ್ರಾಣಿಗಳಾಗಲಿ ಇಲ್ಲವೆಂಬ ಖಾತರಿ, ತುಂಡು ತುಂಬುವಾಗ ಟ್ಯಾಂಕ್ ಖಾಲಿಯಿರಬೇಕೆಂಬ ನಿಯಮ ಇವೆಲ್ಲ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿರಬೇಕಿತ್ತು. ಕೆಲವೆಡೆ ಇಂಥ ಸಾಧನಗಳ ಮೇಲೆ ಕಾನೂನಿನ ನಿರ್ಬಂಧಗಳಿರುವುದರಿಂದ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕೆಂಬ ಮಾತೂ ಅಲ್ಲಿಲ್ಲ.

ಬಿಡಿಭಾಗಗಳ ವಿಷಯದಲ್ಲಿ ಜಿಪುಣತನ ಕಾಣುತ್ತದೆ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗಳಾದ ಓ-ರಿಂಗುಗಳನ್ನು ಧಾರಾಳವಾಗಿ ಕೊಟ್ಟಿದ್ದಾರೆ, ಆದರೆ ಬೇಗ ಸವೆಯುವ ಡಯಾಫ್ರಮಿಗೆ ಬದಲಿಯೇ ಇಲ್ಲ. ಮೂರನೆಯ ವಾಲ್ವಿನ ಥಟ್ಟನೆಯ ಹೊಡೆತವನ್ನು ಪ್ರತಿಸಲವೂ ತಾಳಿಕೊಳ್ಳುವುದು ಅದೇ ರಬ್ಬರ್ ಆದ್ದರಿಂದ, ಕಿಟ್ ಕೊಳ್ಳುವವರು ಅದೇ ಅಳತೆಯ ಸ್ಪ್ರಿಂಕ್ಲರ್ ವಾಲ್ವಿನ ಡಯಾಫ್ರಮನ್ನು ಜೊತೆಯಲ್ಲೇ ತರಿಸಿಟ್ಟುಕೊಳ್ಳುವುದು ಮೇಲು.