ರವೆನ್ನಾದ ಒಟ್ಟು ಟಿಕೆಟ್: ಕೊಂಡರೆ ಎಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು?

ಕ್ರಿ.ಶ. 476ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯ ಬಿದ್ದ ನಂತರ ಇಟಲಿಯೆಲ್ಲ ಹಾಳುಬಿತ್ತು ಎಂದು ನಂಬಿದವರಿಗೆ, ಮೊಸಾಯಿಕ್‌ಗಳಿಗೆ (ಚೂರುಗಳನ್ನು ಗಾರೆಗೆ ಒತ್ತಿ ಮಾಡಿದ ಗೋಡೆಚಿತ್ರಗಳಿಗೆ) ಹೆಸರಾದ ಇಟಲಿಯ ಈ ಊರೇ ಉತ್ತರ. ಒಂದೇ ಟಿಕೆಟ್‌ನಲ್ಲಿ ಸಾನ್ ವಿಟಾಲೆ ಚರ್ಚು, ರೋಮನ್ ಸಾಮ್ರಾಜ್ಞಿ ಗಾಲಾ ಪ್ಲಾಸಿಡಿಯಾಳ ಹೆಸರಿನ ಸಮಾಧಿ, ಸಾಂತ್ ಅಪೊಲಿನಾರೆ ನುವೊವೊ ಚರ್ಚು ಎಲ್ಲ ಸಿಗುತ್ತವೆ.

ಹೆಚ್ಚಿನ ಸಮಯ ನುವೊವೊಗೆ ಇಡಿ. ಇಟಲಿಯನ್ನಾಳಿದ ಗಾಥ್ ಎಂಬ ಜರ್ಮಾನಿಕ್ ಜನರ ದೊರೆ ಥಿಯೊಡೊರಿಕ್ (ಆಳ್ವಿಕೆ 493–526) ಏರಿಯನ್ ಪಂಥದವರಿಗಾಗಿ (ಕ್ರಿಸ್ತನು ತಂದೆ ದೇವರಿಗೆ ಸಮನಲ್ಲ ಎನ್ನುವ ಕ್ರೈಸ್ತರು) ಕಟ್ಟಿಸಿದ ಚರ್ಚಿದು. 540ರಲ್ಲಿ ಬೈಜಾಂಟಿಯನ್ನರು (ಪೂರ್ವ ರೋಮನ್ ಸಾಮ್ರಾಜ್ಯದವರು) ಊರು ಹಿಡಿದ ಮೇಲೆ, ಅರಮನೆಯ ಮೊಸಾಯಿಕ್ ಚಿತ್ರದಲ್ಲಿದ್ದ ಮನುಷ್ಯರ ಆಕೃತಿಗಳನ್ನು ಕಿತ್ತು ಪರದೆಗಳ ಚಿತ್ರ ಕೂರಿಸಲಾಯಿತು. ಕೆಲಸ ಮಾತ್ರ ಅರೆಬರೆ! ಬಲಗೋಡೆಯಲ್ಲಿ, ಬಾಗಿಲ ಕಡೆಯ ತುದಿಯಲ್ಲಿ ಕಂಬಗಳನ್ನು ದಿಟ್ಟಿಸಿ: ಮೈಯಿಲ್ಲದ ಕೈಗಳು ಹಾಗೇ ಉಳಿದಿವೆ. ಚಿತ್ರ ಎತ್ತರದಲ್ಲಿದೆ, ದುರ್ಬೀನು ಒಯ್ಯಿರಿ.

ಮೊಸಾಯಿಕ್‌ಗಳ ಚಿನ್ನದ ಹಿನ್ನೆಲೆ ಮಂಕಾಗಿ ಕಂಡರೆ ತಪ್ಪು ನಿಂತ ಜಾಗದ್ದು. ಗಾಜಿನ ಚೂರಿನ ಮೇಲೆ ಚಿನ್ನದ ತೆಳುಹಾಳೆ, ಅದರ ಮೇಲೆ ಮತ್ತೆ ತೆಳುಗಾಜು. ಇಂಥ ಚೂರುಗಳನ್ನು ಬೇರೆಬೇರೆ ಓರೆಯಲ್ಲಿ ಗಾರೆಗೆ ಒತ್ತಿರುತ್ತಾರೆ. ನಾಲ್ಕು ಹೆಜ್ಜೆ ಸರಿದರೆ ಗೋಡೆಯೇ ಮಿನುಗುತ್ತದೆ.

ಗಾಲಾ ಪ್ಲಾಸಿಡಿಯಾ ಸಮಾಧಿಗೆ ಹೊತ್ತು ಕಾಯ್ದಿರಿಸಬೇಕು, ಒಳಗೆ ಸಿಗುವುದು ಕೆಲವೇ ನಿಮಿಷ. ಕಿಟಕಿಗಳಿಗೆ ಅಲಬಾಸ್ಟರ್ (ಅರೆಬೆಳಕು ಬಿಡುವ ಕಲ್ಲು) ಹಲಗೆಯಿರುವುದರಿಂದ ಕಣ್ಣು ಮಬ್ಬಿಗೆ ಹೊಂದುವಷ್ಟರಲ್ಲೇ ಅರ್ಧ ಸಮಯ ಮುಗಿದಿರುತ್ತದೆ. (ಹೆಸರು ಹೀಗಿದ್ದರೂ ಆಕೆಯನ್ನು ಇಲ್ಲಿ ಹೂಳಿರಲಾರದು: ತೀರಿಕೊಂಡದ್ದು 450ರಲ್ಲಿ, ರೋಮ್‌ನಲ್ಲಿ.)

ದೊಡ್ಡ ಕೊರತೆಯೆಂದರೆ ಥಿಯೊಡೊರಿಕ್‌ನ ಸಮಾಧಿ ಈ ಟಿಕೆಟ್‌ನಲ್ಲಿಲ್ಲ. ಬೇರೆ ಟಿಕೆಟ್, ಹಳೆಯೂರಿನ ಹೊರಗೆ ಬೇರೆ ನಡಿಗೆ. ಬಿಡಬೇಡಿ. ಆಡ್ರಿಯಾಟಿಕ್ ಸಮುದ್ರದಾಚೆಯ ಇಸ್ಟ್ರಿಯಾ ಪ್ರದೇಶದಿಂದ ತಂದ, 200 ಟನ್ ಮೀರಿದ ಒಂದೇ ಕಲ್ಲು ಅದರ ಚಾವಣಿ, ಅಗಲ ಸುಮಾರು 10 ಮೀಟರ್. ಅಂಚಿನ ಸುತ್ತ ಕಲ್ಲಿನಲ್ಲೇ ಕಡೆದ 12 ಹಿಡಿಗಳಿವೆ. ಮೇಲಿನ ಬಿರುಕನ್ನೂ ಹುಡುಕಿ.