ಮಿರ್ಜಾನ್ ಕೋಟೆ: ರಾಣಿ ಚೆನ್ನಭೈರಾದೇವಿಯ ಅರಮನೆ ಜಾಗ ನೋಡಲು ಹೋಗುವವರಿಗೆ

ಗೋಕರ್ಣಕ್ಕೆ ಬಂದವರು ಹೆಚ್ಚಾಗಿ ಮಿರ್ಜಾನ್ ಕೋಟೆಗೆ ಅರ್ಧ ಗಂಟೆ ಇಟ್ಟುಕೊಂಡಿರುತ್ತಾರೆ. ಬಾಗಿಲಲ್ಲಿ ನಾಲ್ಕು ಫೋಟೊ, ಬುರುಜಿನ ಮೇಲೆ ಎರಡು, ಮುಗಿಯಿತು. ದಯವಿಟ್ಟು ಹಾಗೆ ಮಾಡಬೇಡಿ. ಎರಡು ತಾಸಾದರೂ ಬೇಕು.

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ದಿವಗಿಯಲ್ಲಿ ಅಘನಾಶಿನಿ ಸೇತುವೆ ದಾಟಿದರೆ ಮಿರ್ಜಾನ್. ಕುಮಟಾದಿಂದಾದರೆ ಸುಮಾರು 11 ಕಿ.ಮೀ. ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಕೋಟೆಯೇ ಸಿಗುತ್ತದೆ.

ಮೈಸೂರಿನ ಹಾಗೆ ಕಂಬ, ಕನ್ನಡಿ, ಸಿಂಹಾಸನ ಇರುತ್ತದೆ ಅಂದುಕೊಂಡು ಹೋಗಬೇಡಿ. ದರ್ಬಾರು ನಡೆಯುತ್ತಿದ್ದ ಕಡೆ ಈಗ ಉಳಿದಿರುವುದು ಚಿರೇಕಲ್ಲಿನ ತಳಪಾಯ, ಸುತ್ತ ಹುಲ್ಲು, ದೊಡ್ಡ ಮರಗಳು. ಆದರೂ ನನಗೆ ಇದು ತುಂಬಾ ಇಷ್ಟ. ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಪೋರ್ಚುಗೀಸರೇ ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಈಗಲೂ ನಮ್ಮ ಅಡಿಕೆ ಮರಗಳಿಗೆ ಹಬ್ಬುವ ಅದೇ ಮೆಣಸು ಘಟ್ಟ ಇಳಿದು ಈ ಹೊಳೆದಂಡೆಯಿಂದ ಹಡಗು ಹತ್ತುತ್ತಿತ್ತು ಅಂತ ಗೊತ್ತಿದ್ದು ಆ ಕಟ್ಟೆ ಮೇಲೆ ನಿಂತರೆ, ಬರೀ ಕಲ್ಲು ಅಂತ ಅನ್ನಿಸುವುದೇ ಇಲ್ಲ.

ನೀವು ನಿಜಕ್ಕೂ ನೋಡಬೇಕಾದ್ದು ನೀರಿನ ವ್ಯವಸ್ಥೆ. ಸುತ್ತ ಕಂದಕ, ಒಳಗೆ ಬಾವಿಗಳು, ಕೆಲವಕ್ಕೆ ನೆಲದ ಕೆಳಗಿನಿಂದ ಮೆಟ್ಟಿಲು ಇಳಿದು ಹೋಗುವ ದಾರಿ. ಶತ್ರು ಹೊರಗೆ ಕೂತರೂ ಒಳಗಿನವರಿಗೆ ನೀರು ತಪ್ಪಬಾರದು ಅಂತ ಎಷ್ಟು ಯೋಚನೆ ಮಾಡಿ ಕಟ್ಟಿದ್ದಾರೆ ನೋಡಿ! ಜೋಡಿ ಗೋಡೆ, ಗುಪ್ತದಾರಿಗಳು ಕೂಡ ಇವೆ. ಮಳೆ ಬಿದ್ದ ಮೇಲೆ ಗೋಡೆ ತುಂಬಾ ಪಾಚಿ ಹಿಡಿದು ಇಡೀ ಕೋಟೆ ಹಸಿರಾಗುತ್ತದೆ, ಚಂದ ನಿಜ, ಆದರೆ ಮೆಟ್ಟಿಲು ಜಾರುತ್ತದೆ, ಚಪ್ಪಲಿ ಗಟ್ಟಿ ಇರಲಿ. ಬಾವಿಗಳ ಹತ್ತಿರ ಮಕ್ಕಳ ಕೈ ಬಿಡಬೇಡಿ. ನನ್ನ ಲೆಕ್ಕದಲ್ಲಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ತನಕ, ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಏಪ್ರಿಲ್ ಬಿಸಿಲಲ್ಲಿ ಆ ಕಲ್ಲು ಕಾದು ನಿಲ್ಲಲಿಕ್ಕೇ ಆಗುವುದಿಲ್ಲ.

ಒಂದೇ ಬೇಜಾರು, ಯಾವ ಜಾಗದಲ್ಲಿ ಏನಿತ್ತು ಅಂತ ತಿಳಿಸುವ ಬರಹ ಸಾಲದು. 2000-01ರಲ್ಲಿ ಇಲ್ಲಿ ಉತ್ಖನನ ಆದಾಗ ನಾಣ್ಯ, ಚೀನಾದ ಪಿಂಗಾಣಿ ಚೂರು ಎಲ್ಲ ಸಿಕ್ಕಿದ್ದವು, ಅಷ್ಟು ದೂರದ ಊರಿನ ಜೊತೆ ವ್ಯಾಪಾರ ಇತ್ತು ಅಂತಾಯಿತು ಅಲ್ವಾ, ಅದನ್ನೆಲ್ಲ ಬಂದವರಿಗೆ ಅಲ್ಲೇ ಹೇಳಬೇಕಿತ್ತು. ಅದಕ್ಕೇ ಸ್ವಲ್ಪ ಓದಿಕೊಂಡು ಹೋಗಿ, ಇಲ್ಲದಿದ್ದರೆ ಕಥೆ ಗೊತ್ತಿರುವ ಊರಿನವರನ್ನು ಜೊತೆಗೆ ಕರೆದುಕೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ದಿನ ಪೂರ್ತಿ ಇದ್ದರೆ ಹೊನ್ನಾವರದ ಮೇಲೆ ಗೇರುಸೊಪ್ಪೆಗೂ ಹೋಗಿಬನ್ನಿ. ಚೆನ್ನಭೈರಾದೇವಿಯ ರಾಜಧಾನಿ ಅದು. ಶರಾವತಿ ಆಚೆ ಕಾಡಿನಲ್ಲಿ, ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಇನ್ನೂ ನಿಂತಿದೆ.