ಆ್ಯಪ್, ರೆಕಾರ್ಡಿಂಗ್, ನೋಟ್‌ಬುಕ್: ಮಗನ ಮಾತಿನ ಲೆಕ್ಕಕ್ಕೆ ನಮ್ಮನೆಯಲ್ಲಿ ಒಗ್ಗಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ನೋಟ್‌ಬುಕ್ಕಿಗೆ. ಶಿರಸಿ ಪೇಟೆಯಲ್ಲಿ 40 ರೂಪಾಯಿಗೆ ತಂದದ್ದು. ಅದಕ್ಕೂ ಮೊದಲು 2,400 ರೂಪಾಯಿ ಕಟ್ಟಿ ಒಂದು ಆ್ಯಪ್ ಹಾಕಿಸಿಕೊಂಡಿದ್ದೆ. ಹೋದ ದುಡ್ಡಿಗಿಂತ ಹೋದ ಎರಡು ತಿಂಗಳಿಗೆ ನನಗೆ ಹೆಚ್ಚು ಬೇಸರ.

ಮಗನಿಗೆ ನಾಲ್ಕೂವರೆ ವರ್ಷ. ಮಾತಿಗೇನೂ ಕಡಿಮೆ ಇಲ್ಲ, ಆದರೆ ‘ಕ’ ಇದ್ದಲ್ಲೆಲ್ಲ ‘ತ’, ‘ಗ’ ಇದ್ದಲ್ಲೆಲ್ಲ ‘ದ’. ಕಪ್ಪೆ ಅಂದರೆ ತಪ್ಪೆ, ಕಾಗೆ ಅಂದರೆ ತಾದೆ. ‘ಅಕ್ಕಾ’ ಎಂದು ಕರೆಯಲು ಹೋದರೆ ‘ಅತ್ತಾ’. ಮನೆಯಲ್ಲಿ ನಡೆಯುತ್ತಿತ್ತು, ಅಂಗನವಾಡಿಯಲ್ಲಿ ಮಕ್ಕಳು ‘ಎಂತದು, ಎಂತದು’ ಎಂದು ಕೇಳಿ ಕೇಳಿ, ಅವನು ಮಾತಾಡುವುದನ್ನೇ ಬಿಟ್ಟ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಮೊದಲು ಕಿವಿಯನ್ನೇ ಪರೀಕ್ಷೆ ಮಾಡಿದರು, ಸರಿಯಾಗಿ ಕೇಳಿಸದ ಸದ್ದು ನಾಲಿಗೆಗೆ ಬರುವುದು ಕಷ್ಟವಲ್ಲವೇ. ಕಿವಿ ಚೆನ್ನಾಗಿತ್ತು. ಆಮೇಲೆ ಶಿರಸಿಯಲ್ಲೇ ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಥೆರಪಿ ಶುರುವಾಯಿತು. ಉಳಿದ ಆರು ದಿನ ಅಭ್ಯಾಸ ಮಾಡಿಸಿ ಲೆಕ್ಕ ಇಡುವ ಕೆಲಸ ನನ್ನದು.

ಆ್ಯಪ್ ನೋಡಲು ಬಲು ಚಂದ. ಚಿತ್ರ ಬರುತ್ತದೆ, ಮಗು ಹೆಸರು ಹೇಳುತ್ತದೆ, ನಾವು ‘ಸರಿ’ ಅಥವಾ ‘ತಪ್ಪು’ ಒತ್ತಬೇಕು. ತೊಡಕು ಇದ್ದದ್ದು ಆ ಎರಡು ಗುಂಡಿಯಲ್ಲೇ. ಕೈ ಚಿತ್ರ ಬಂತು ಅನ್ನಿ, ಮಗ ‘ತೈ’ ಅನ್ನುತ್ತಾನೆ. ನಾನು ಬಾಯಿ ತೆರೆದು ತೋರಿಸುತ್ತೇನೆ. ಥೆರಪಿಯ ಮೇಡಂ ಹೇಳಿಕೊಟ್ಟ ಹಾಗೆ ಐಸ್‌ಕ್ರೀಮ್ ಕಡ್ಡಿಯಿಂದ ಅವನ ನಾಲಿಗೆಯ ತುದಿಯನ್ನು ಮೆಲ್ಲಗೆ ಕೆಳಗೆ ಒತ್ತಿ ಹಿಡಿಯುತ್ತೇನೆ. ತುದಿ ಮೇಲೇಳದಿದ್ದರೆ ‘ತ’ ಹುಟ್ಟುವುದಿಲ್ಲ, ನಾಲಿಗೆಯ ಹಿಂಭಾಗ ಏಳಲೇಬೇಕಾಗುತ್ತದೆ. ಮೂರನೇ ಸಲಕ್ಕೆ ‘ಕೈ’ ಬರುತ್ತದೆ. ಖುಷಿಯಲ್ಲಿ ‘ಸರಿ’ ಒತ್ತುತ್ತೇನೆ. ಯಾವ ತಾಯಿ ಒತ್ತುವುದಿಲ್ಲ ಹೇಳಿ?

ಎರಡು ತಿಂಗಳಲ್ಲಿ ‘ಸರಿ’ಯ ಗ್ರಾಫ್ ಶೇಕಡಾ 20ರಿಂದ 90ಕ್ಕೆ ಏರಿತು. ‘ಕ’ ಆಯಿತು ಎಂದುಕೊಂಡು ‘ಗ’ ಶುರು ಮಾಡಿದೆ. ಫೆಬ್ರವರಿಯ ಒಂದು ಶನಿವಾರ ಮೇಡಂಗೆ ಮೊಬೈಲ್ ತೋರಿಸಿದೆ. ಅವರು ಏನೂ ಹೇಳದೆ ಕೋಳಿಯ ಚಿತ್ರ ಹಿಡಿದರು. ‘ತೋಳಿ.’ ಕೊಡೆ? ‘ತೊಡೆ.’ ಹತ್ತರಲ್ಲಿ ಒಂಬತ್ತು ತಪ್ಪು.

‘ಈ 90ರಲ್ಲಿ ನೀವು ಹೇಳಿಕೊಟ್ಟ ಮೇಲೆ ಹೇಳಿದ್ದೆಷ್ಟು, ಅವನಾಗಿಯೇ ಹೇಳಿದ್ದೆಷ್ಟು?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಆ್ಯಪ್‌ನಲ್ಲೂ ಇರಲಿಲ್ಲ. ಆಗ ಅವರು ವಿವರಿಸಿದರು: ನಾವು ಹೇಳಿದ್ದನ್ನು ಕೇಳಿ ಹೇಳುವುದು ಒಂದು ಮೆಟ್ಟಿಲು. ಗಂಟಲು ಮುಟ್ಟಿ ಸನ್ನೆ ಮಾಡಿದರೆ ಸಾಕು ಎನ್ನುವುದು ಇನ್ನೊಂದು. ಚಿತ್ರ ನೋಡಿ ತಾನೇ ಹೇಳುವುದು, ವಾಕ್ಯದೊಳಗೆ ಹೇಳುವುದು, ಕೊನೆಗೆ ಆಟದ ಗಡಿಬಿಡಿಯಲ್ಲೂ ತಪ್ಪದೆ ಹೇಳುವುದು, ಇವೆಲ್ಲ ಬೇರೆ ಬೇರೆ. ಒಂದರಲ್ಲಿ 90 ಇದ್ದ ಮಗು ಅದರ ಮೇಲಿನದರಲ್ಲಿ ಸೊನ್ನೆ ಇರಬಹುದು. ಎಲ್ಲವನ್ನೂ ‘ಸರಿ’ ಎಂಬ ಒಂದೇ ಡಬ್ಬಿಗೆ ಸುರಿದರೆ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಗೊತ್ತಾಗುವುದು ಹೇಗೆ? ಕಂಪನಿಗೆ ಬರೆದೆ. ಮುಂದಿನ ಅಪ್‌ಡೇಟ್‌ನಲ್ಲಿ ನೋಡುತ್ತೇವೆ ಎಂದರು. ಇನ್ನೂ ಬಂದಿಲ್ಲ.

ಆ್ಯಪ್ ಇಂಗ್ಲಿಷಿನಲ್ಲಿ ಹುಟ್ಟಿದ್ದು, ಕನ್ನಡ ಆಮೇಲೆ ಅಂಟಿಸಿದ್ದು. ‘ಕ’ ಅಭ್ಯಾಸಕ್ಕೆ ‘ಕೈಟ್’ ಚಿತ್ರ ಕೊಟ್ಟು ಕೆಳಗೆ ‘ಗಾಳಿಪಟ’ ಎಂದು ಬರೆದಿದ್ದಾರೆ. ‘ಪದದ ಕೊನೆಯಲ್ಲಿ’ ಎಂಬ ಅಂಕಣ ನಮಗೆ ಹೆಚ್ಚುಕಡಿಮೆ ಖಾಲಿಯೇ ಉಳಿಯಿತು, ಕನ್ನಡದ ಪದಗಳು ಸ್ವರದಲ್ಲೇ ಮುಗಿಯುವುದು ಹೆಚ್ಚು. ಬದಲಿಗೆ ನಮಗೆ ಬೇಕಾಗಿದ್ದ ಒತ್ತಕ್ಷರಕ್ಕೆ ಜಾಗವೇ ಇಲ್ಲ. ನನ್ನ ಮಗನಿಗೆ ‘ಕ’ ಮೊದಲು ಒಲಿದದ್ದು ಬೆಕ್ಕು, ಹಕ್ಕಿ, ಅಕ್ಕ ಇವುಗಳಲ್ಲಿ.

ಮಳೆಗಾಲದಲ್ಲಿ ನೆಟ್‌ವರ್ಕ್ ವಿಷಯ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ರೆಕಾರ್ಡಿಂಗ್ ಬಗ್ಗೆ ನನಗೆ ಗೌರವವಿದೆ. ತಾಯಿಯ ಕಿವಿ ಮಗುವಿನ ತಪ್ಪಿಗೆ ಒಗ್ಗಿಹೋಗಿರುತ್ತದೆ, ‘ತಾದೆ’ ನನಗೆ ಕಾಗೆಯೆಂದೇ ಕೇಳಿಸುತ್ತಿತ್ತು. ಮೊಬೈಲಿಗೆ ಆ ಮಮತೆ ಇಲ್ಲ. ಆದರೆ ದಿನಾ ಮಾಡಲು ಹೋಗಿ 200 ಫೈಲ್ ಸೇರಿದವು, ಒಂದನ್ನೂ ತಿರುಗಿ ಕೇಳಲಿಲ್ಲ. ಈಗ ತಿಂಗಳ ಮೊದಲ ದಿನ ಮಾತ್ರ, ಪ್ರತಿ ಸಲವೂ ಒಂದೇ ಸಂತೆಯ ಚಿತ್ರ ತೋರಿಸಿ ಒಂದು ನಿಮಿಷ. ಅಷ್ಟು ಸಾಕು.

ಇನ್ನು ನೋಟ್‌ಬುಕ್. ಎಡಕ್ಕೆ ಪದಗಳು, ಬಲಕ್ಕೆ ಆರು ದಿನದ ಆರು ಮನೆ. ತಾನಾಗಿ ಹೇಳಿದರೆ ಗೆರೆ, ಸನ್ನೆ ಮಾಡಿದ ಮೇಲೆ ಹೇಳಿದರೆ ‘ಸ’, ಹೇಳಿಕೊಟ್ಟ ಮೇಲಾದರೆ ‘ಹ’, ಬಾರದಿದ್ದರೆ ಸೊನ್ನೆ. ಮಾರ್ಚಿನ ಮೊದಲ ಪುಟದ ತುಂಬ ‘ಹ’. ಏಪ್ರಿಲ್‌ನಲ್ಲಿ ನಡುನಡುವೆ ‘ಸ’, ಜೂನ್ ಹೊತ್ತಿಗೆ ಗೆರೆಗಳು. ಹತ್ತರಲ್ಲಿ ಎಂಟು ಗೆರೆ ಬರುವವರೆಗೆ ಮುಂದಿನ ಮೆಟ್ಟಿಲಿಗೆ ಹೋಗಬೇಡಿ ಎಂಬುದು ಮೇಡಂ ಹಾಕಿಕೊಟ್ಟ ಅಳತೆ. ಪುಸ್ತಕದ ಹಿಂದಿನ ಪುಟದಲ್ಲಿ ಇನ್ನೂ ಹತ್ತು ಪದಗಳಿವೆ: ಕತ್ತರಿ, ಕೊಳಲು, ಕುದುರೆ ಹೀಗೆ. ಅವನ್ನು ಮನೆಯಲ್ಲಿ ಕಲಿಸುವಂತಿಲ್ಲ. 15 ದಿನಕ್ಕೊಮ್ಮೆ ಸುಮ್ಮನೆ ಕೇಳಿ ಬರೆಯುವುದು. ಕಲಿಸಿದ ಪದ ಬಾಯಿಪಾಠವಾಗಿದೆಯೋ, ಸದ್ದೇ ಬಂದಿದೆಯೋ ಎಂದು ತಿಳಿಯುವುದು ಅಲ್ಲಿ. ಮಾರ್ಚಿನಲ್ಲಿ ಹತ್ತೂ ಸೊನ್ನೆ, ಆಗಸ್ಟಿನಲ್ಲಿ ಮೂರು ಗೆರೆ, ಈಗ ಏಳು.

ನಮ್ಮ ಮನೆಮಾತು ಹವ್ಯಕ ಕನ್ನಡ. ಮಗ ದಿನಕ್ಕೆ ನೂರು ಸಲ ಬಳಸುವ ಪದ ‘ಯಂಗೆ’, ಅಂದರೆ ನನಗೆ. ಅದು ‘ಯಂದೆ’ ಆಗುತ್ತಿತ್ತು. ಯಾವ ಆ್ಯಪ್‌ನಲ್ಲಿ ಸಿಗಬೇಕು ಅದು? ಪುಸ್ತಕದಲ್ಲಿ ನಾನೇ ಬರೆದುಕೊಂಡೆ.

ನೋಟ್‌ಬುಕ್ಕಿಗೂ ದೋಷವಿದೆ. ಜುಲೈನಲ್ಲಿ ಬೂಸಲು ಹಿಡಿದು, ಪೆನ್ನಿನ ಶಾಯಿ ಹರಡಿ ಎರಡು ಪುಟ ಹೋದವು. ಈಗ ಪೆನ್ಸಿಲ್, ಜಾಗ ಒಲೆಯ ಮೇಲಿನ ನಾಗಂದಿಗೆ. ನನ್ನ ಅತ್ತೆಗೆ ಮೊಮ್ಮಗ ಏನಂದರೂ ಗೆರೆಯೇ. ಹಾಗಾಗಿ, ‘ಗುರುತು ಬೇಡ, ಅವ ಹೇಳಿದ್ದನ್ನ ಹೇಳಿದ ಹಾಗೇ ಬರೀರಿ’ ಎಂದು ಕೇಳಿಕೊಂಡೆ. ಅವರು ದುಂಡಗಿನ ಅಕ್ಷರದಲ್ಲಿ ‘ತುದುರೆ’ ಎಂದು ಬರೆದದ್ದು ನನ್ನ ಯಾವ ಗುರುತಿಗಿಂತ ಹೆಚ್ಚು ಮೇಡಂಗೆ ಉಪಯೋಗವಾಯಿತು.

ಇಬ್ಬರೂ ಕೆಲಸಕ್ಕೆ ಹೋಗುವವರು, ಮಗುವಿನ ಥೆರಪಿ ಆನ್‌ಲೈನಿನಲ್ಲೇ ನಡೆಯುವವರು ಆ್ಯಪ್ ತೆಗೆದುಕೊಳ್ಳಿ, ಆದರೆ ತಾನಾಗಿ ಹೇಳಿದ್ದೋ, ಸಹಾಯದಿಂದ ಹೇಳಿದ್ದೋ ಎಂದು ಗುರುತು ಹಾಕುವ ಅಂಕಣ ಇದೆಯೋ ಎಂದು ಮೊದಲು ನೋಡಿ. ನಮ್ಮಲ್ಲಿ ರಾತ್ರಿ ಊಟವಾದ ಮೇಲಿನ 15 ನಿಮಿಷವೇ ಅಭ್ಯಾಸದ ಹೊತ್ತು. ಆಗ ಮೊಬೈಲ್ ಕೈಗೆ ತೆಗೆದರೆ ಮಗನಿಗೆ ಕಾರ್ಟೂನ್ ಬೇಕು, ಪುಸ್ತಕ ತೆಗೆದರೆ ಪೆನ್ಸಿಲ್ ಕೆತ್ತಿಕೊಡುತ್ತಾನೆ. ಆ್ಯಪ್‌ನ ಚಂದಾ ಡಿಸೆಂಬರಿಗೆ ಮುಗಿಯುತ್ತದೆ, ತಾನಾಗಿ ದುಡ್ಡು ಕಡಿದುಕೊಳ್ಳದಂತೆ ನಿಲ್ಲಿಸಿದ್ದೇನೆ. ಆ ಹಣದಲ್ಲಿ ಮೇಡಂ ಹತ್ತಿರ ಇನ್ನೂ ಕೆಲವು ವಾರ ಹೋಗಬಹುದು.